ಮಫ್ಲರ್ ಮೇಲೆ ಮಲಗಿಸಿದ ಫೋನು

ಜನವರಿ 6, ಸೋಮವಾರ

ಇವತ್ತಿಂದ ಫೋನು ವಸೂಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಡುಲೂತ್ ಊರಿನ ಶಾಲೆಯಲ್ಲಿ ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡಿದ್ದೇ ಕಿತ್ತುಕೊಂಡಿದ್ದು, ಆಗ ಒಬ್ಬರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ. ರಿಟೈರ್ ಆದಮೇಲೆ ಅದೇ ಕೆಲಸಕ್ಕೆ ಕಾಲೇಜಿನವರು ಕರೆದು ಕುರ್ಚಿ ಹಾಕಿ ಕೂರಿಸಿದ್ದಾರೆ. ಕುತ್ತಿಗೆಗೆ ಪಟ್ಟಿ ಬೇರೆ: ಲೋರ್ನಾ ಹಿಯೆಟಲಾ, ಸಂಶೋಧನಾ ಸಹಾಯಕಿ. ಹದಿಹರೆಯದವರ ಬದುಕಲ್ಲಿ ಫೋನು ಏನು ಮಾಡುತ್ತೆ ಅನ್ನೋದು ಸಂಶೋಧನೆ. ನನ್ನನ್ನು ಕೇಳಿದ್ದರೆ ಒಂದೇ ಮಾತಲ್ಲಿ ಹೇಳ್ತಿದ್ದೆ, ಇಷ್ಟು ಖರ್ಚೇ ಇರುತ್ತಿರಲಿಲ್ಲ.

ಕ್ರಮ ಹೀಗೆ. ಮಗು ಬಂದು ಸಹಿ ಹಾಕುತ್ತೆ, ಒಂದು ಲಕೋಟೆ ಒಡೆಯುತ್ತೆ. ನೀಲಿ ಕಾರ್ಡು ಬಂದರೆ ಫೋನು ಅದರ ಹತ್ತಿರವೇ ಇರುತ್ತೆ. ಹಳದಿ ಬಂದರೆ ಅಲ್ಲೇ, ಆ ಕ್ಷಣವೇ, ಎರಡು ವಾರಕ್ಕೆ ನಮ್ಮ ಕೈಗೆ. ಮೊದಲೇ ಗೊತ್ತಾದರೆ ಹಿಂದಿನ ದಿನವೆಲ್ಲ ಫೋನಿಗೆ ಅಂಟಿಕೊಂಡು ಕೂತು ಲೆಕ್ಕ ಕೆಡಿಸ್ತಾರೆ ಅಂತ ಡಾ. ಕ್ವಿಗ್ಲಿ ಹೇಳ್ತಾಳೆ. ಈ ಸಂಶೋಧನೆಗೆ ಅವಳೇ ಯಜಮಾನಿ. ನನ್ನ ಕೈಯಲ್ಲಿ ಓದಿದ ಹುಡುಗಿಯರಷ್ಟು ವಯಸ್ಸು, ಯಾವಾಗಲೂ ಉಗುರು ಕಚ್ಚುತ್ತಾಳೆ, ಆದರೆ ಒಳ್ಳೆಯವಳು.

ಹಳದಿ ಬಂದವರೆಲ್ಲ ಮುಖ ಹುಳ್ಳಗೆ ಮಾಡಿಕೊಂಡು ಕೊಟ್ಟರು. ಬ್ರಿಟಾ ಸುಂಡ್‌ಗಾರ್ಡ್ ಅಂತ ಒಬ್ಬಳು, ಹದಿನೇಳು ವರ್ಷ, ಕೆಂಪು ಟೋಪಿ, ಕೊಡೋಕೆ ಸತಾಯಿಸಿದಳು.

"ಎರಡೇ ನಿಮಿಷ, ಮಿಸೆಸ್ ಹಿಯೆಟಲಾ. ಒಬ್ಬಳಿಗೆ ಒಂದು ಮೆಸೇಜ್ ಹಾಕಿಬಿಡ್ತೀನಿ."

"ನಿನ್ನ ಕಾರ್ಡು ಯಾವ ಬಣ್ಣ?"

"ಹಳದಿ."

"ಮತ್ತೆ ಕೈ ಚಾಚಿಕೊಂಡು ನಿಂತಿದ್ದೀನಲ್ಲ, ಕಾಣಿಸ್ತಿಲ್ವಾ? ಎರಡು ವಾರ ನೀನಿಲ್ಲದೆ ಲೋಕವೇನೂ ಮುಳುಗಿಹೋಗಲ್ಲ ಕಣಮ್ಮ."

ಸಾಲಲ್ಲಿದ್ದವರು ನಕ್ಕರು. ಅವಳೂ ನಕ್ಕಳು, ಕೊಟ್ಟಳು. ಹಳೇ ಕೈಚಳಕ ಇನ್ನೂ ಹೋಗಿಲ್ಲ ನನಗೆ.

ಜನವರಿ 8, ಬುಧವಾರ

ಫೋನುಗಳನ್ನು ಸ್ವಿಚ್ ಆಫ್ ಮಾಡಿಟ್ಟಿಲ್ಲ. ಒಂದೊಂದನ್ನೂ ಬೂದು ಬಟ್ಟೆ ಚೀಲದಲ್ಲಿ ಬಿಗಿದು, ಚಾರ್ಜಿಗೆ ಹಾಕಿ, ಬೀಗದ ಕಪಾಟಿನ ಹಲಗೆ ಮೇಲೆ ಸಾಲಾಗಿ ಮಲಗಿಸಿದ್ದೇವೆ. ಒಳಗೊಂದು ಆ್ಯಪ್ ಇದೆ. ಎಷ್ಟು ಮೆಸೇಜ್ ಬಂತು, ಎಷ್ಟು ಜನರಿಂದ ಬಂತು, ಅಷ್ಟನ್ನು ಮಾತ್ರ ಹೇಳುತ್ತೆ. ಯಾರು, ಏನು ಅಂತ ನಮಗೂ ಕಾಣಲ್ಲ. ದಿನಾ ಬೆಳಿಗ್ಗೆ ಅದನ್ನು ಕಂಪ್ಯೂಟರಿಗೆ ಹತ್ತಿಸೋದು ನನ್ನ ಕೆಲಸ. ಎರಡು ನಿಯಮ. ಚೀಲ ಬಿಚ್ಚೋ ಹಾಗಿಲ್ಲ. ಏನು ಬಂದಿದೆ ಅಂತ ಮಗುವಿಗೆ ಹೇಳೋ ಹಾಗಿಲ್ಲ. ಹೇಳಿದರೆ ಮನಸ್ಸು ಮತ್ತೆ ಫೋನಿನೊಳಕ್ಕೇ ಹೋಗುತ್ತೆ, ಎರಡು ವಾರ ದಂಡ.

ಮೊದಲ ದಿನ ಕಪಾಟು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಇವತ್ತು ತಣ್ಣಗಾಗ್ತಿದೆ. ಗೆಳೆಯರಿಗೆಲ್ಲ ಸುದ್ದಿ ಮುಟ್ಟಿರಬೇಕು.

ಮನೆಯಲ್ಲಿ ಮಾತ್ರ ನನ್ನ ಸಂಶೋಧನೆ ನಡೆಯಲ್ಲ. ರಾಯ್ ಬಂದರಿನಲ್ಲಿ ಹಡಗಿಗೆ ಅದಿರು ತುಂಬಿಸುತ್ತಾ ಮೂವತ್ತು ವರ್ಷ ದುಡಿದ ಗಂಡಸು. ಈಗ ಊಟಕ್ಕೆ ಕೂತು, ಯಾರೋ ಎಲ್ಲೋ ಹಿಮ ತಳ್ಳೋ ವಿಡಿಯೋ ನೋಡ್ತಾನೆ, ನಮ್ಮ ಬಾಗಿಲ ಮುಂದಿನ ಹಿಮ ಹಾಗೇ ಬಿದ್ದಿರುತ್ತೆ. ಎಂದಿನಂತೆ ಫೋನು ಕಿತ್ತು ಬ್ರೆಡ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. "ನಾನೇನು ಹಳದಿ ಕಾರ್ಡಾ?" ಅಂದ. ಹೌದು, ಮದುವೆಯಾದ ದಿನದಿಂದ ಅಂದೆ.

ಜನವರಿ 13, ಸೋಮವಾರ

ಎರಡು ವಾರದಲ್ಲಿ ಅರ್ಧ ಮುಗಿಯಿತು, ಇವತ್ತು ಮಕ್ಕಳನ್ನು ಕರೆಸಿ ವಿಚಾರಿಸೋ ದಿನ. ಮಕ್ಕಳ ಮುಖವೇ ಬದಲಾಗಿದೆ. ಒಬ್ಬ ಮರದ ಚಮಚ ಕೆತ್ತೋದು ಕಲಿತಿದ್ದಾನೆ. ಬ್ರಿಟಾ ಕಣ್ಣ ಕೆಳಗಿನ ಕಪ್ಪು ಮಾಯವಾಗಿದೆ. ರಾತ್ರಿ ಮಲಗಿದರೆ ಬೆಳಿಗ್ಗೆಯೇ ಎಚ್ಚರವಂತೆ, ಅಪ್ಪನ ಜೊತೆ ಸ್ಕೇಟಿಂಗ್‌ಗೆ ಹೋಗಿದ್ದಳಂತೆ. ಅದನ್ನೆಲ್ಲ ಬರೆದುಕೊಳ್ಳುವಾಗ ನನಗೇ ಗೆದ್ದ ಹಾಗಾಯ್ತು, ಸುಳ್ಳು ಯಾಕೆ ಹೇಳಲಿ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ನನ್ನ ಫೋನಿಗೆ ಏನಾದ್ರೂ ಬಂದಿದ್ಯಾ?"

"ಹೇಳೋ ಹಾಗಿಲ್ಲ, ಗೊತ್ತಲ್ಲ."

"ಏನು ಅಂತ ಬೇಡ. ಬಂದಿದ್ಯಾ, ಇಲ್ವಾ, ಅಷ್ಟೇ."

"ನಾನೇನು ಪೋಸ್ಟ್‌ಮ್ಯಾನಾ?"

ಟೋಪಿ ಎಳೆದುಕೊಂಡಳು. "ಹೋಗಲಿ ಬಿಡಿ, ಅಜ್ಜಿ ಅವಳಿಗೆ ಹೇಳಿರ್ತಾರೆ," ಅಂತ ತನಗೆ ತಾನೇ ಅಂದುಕೊಂಡಳು. ಯಾವ ಅಜ್ಜಿಯೋ, ಯಾರಿಗೆ ಏನೋ. ಬೇಡ ಅನ್ನಿಸಿದವರು ಯಾವಾಗ ಬೇಕಾದರೂ ಬಿಡಬಹುದು ಅಂತ ನಾವು ಹೇಳಲೇಬೇಕು, ಹೇಳಿದೆ. ಮಧ್ಯದಲ್ಲಿ ಕೈಬಿಡೋರನ್ನು ಬೇಕಾದಷ್ಟು ನೋಡಿದ್ದೀನಿ ಅಂತ ನನ್ನ ಕಡೆಯಿಂದ ಒಂದು ಮಾತು ಸೇರಿಸಿದೆ. ಹುಡುಗಿ ಬಿಡಲಿಲ್ಲ.

ಜನವರಿ 15, ಬುಧವಾರ

ಉಳಿದ ಫೋನುಗಳೆಲ್ಲ ಸತ್ತ ಹಾಗೆ ಬಿದ್ದಿವೆ. ಬ್ರಿಟಾದು ಮಾತ್ರ ನಿಂತಿಲ್ಲ. ನಿನ್ನೆ ಒಂದೇ ದಿನ ನಲವತ್ತರ ಹತ್ತಿರ. ಕಳಿಸಿದವರು ಎಷ್ಟು ಜನ ಅನ್ನೋ ಕಡೆ ನೋಡಿದರೆ, ಒಬ್ಬರು.

ಡಾ. ಕ್ವಿಗ್ಲಿಗೆ ತೋರಿಸಿದೆ. ಉಗುರು ಕಚ್ಚುತ್ತಾ ನೋಡಿದಳು. "ಯಾವುದೋ ಹುಡುಗ ಇರಬೇಕು, ಲೋರ್ನಾ. ಎಲ್ಲಿದ್ದೀಯ, ಯಾಕೆ ಉತ್ತರ ಕೊಡಲ್ಲ ಅಂತ ಬೆನ್ನು ಬೀಳೋ ಜಾತಿ. ಈ ಎರಡು ವಾರ ಅವಳಿಗೆ ಒಳ್ಳೇದೇ ಆಯ್ತು."

ನನಗೂ ಹಾಗೇ ಅನ್ನಿಸಿತ್ತು. ಊಟಕ್ಕೆ ಕೂತಾಗ ಹೆಸರು ಹೇಳದೆ ರಾಯ್‌ಗೆ ಹೇಳಿದೆ. ಅವನು ಆಲೂಗಡ್ಡೆ ಚುಚ್ಚುತ್ತಾ, "ನಾನೂ ನಿನಗೆ ಹಾಗೇ ಕಾಗದ ಬರೀತಿದ್ದೆ, ಯಾರೂ ಕಪಾಟಿಗೆ ಹಾಕಿ ಬೀಗ ಹಾಕಲಿಲ್ಲ," ಅಂದ. ನಮ್ಮಪ್ಪ ಹಾಕಬೇಕಿತ್ತು ಅಂದೆ.

ಜನವರಿ 17, ಶುಕ್ರವಾರ

ಇವತ್ತು ಆ ಫೋನಿನ ಕಾಟ ಹೇಳಿ ಸುಖವಿಲ್ಲ. ಬೆಳಿಗ್ಗೆಯಿಂದ ಗುಂಯ್, ಗುಂಯ್. ಮರದ ಹಲಗೆ ನೋಡಿ, ಸದ್ದು ಇನ್ನಷ್ಟು ಜೋರು. ನಡುಗಿ ನಡುಗಿ ಚೀಲದ ಸಮೇತ ಅಂಚಿನವರೆಗೆ ತೆವಳಿಕೊಂಡು ಬಂದು, ಹನ್ನೊಂದರ ಹೊತ್ತಿಗೆ ಕೆಳಗೆ ಬಿದ್ದೇಬಿಟ್ಟಿತು. ಪಕ್ಕದ ಕೋಣೆಯಲ್ಲಿ ಬೇರೆ ಮಕ್ಕಳ ವಿಚಾರಣೆ ನಡೆದಿತ್ತು, ಅವರ ಮಾತು ಧ್ವನಿಮುದ್ರಣ ಆಗಬೇಕು.

ನನ್ನ ಮಫ್ಲರ್ ತೆಗೆದು ನಾಲ್ಕು ಮಡಿಕೆ ಮಾಡಿ ಹಲಗೆ ಮೇಲೆ ಹಾಸಿದೆ. ಅಮ್ಮ ಹೆಣೆದ ನೀಲಿ ಉಣ್ಣೆಯದು. ಫೋನನ್ನು ಅದರ ಮೇಲೆ ಮಲಗಿಸಿ ಕಪಾಟು ಮುಚ್ಚಿದೆ. ಆಮೇಲೆ ಕೇಳಿಸಲಿಲ್ಲ. ಕ್ವಿಗ್ಲಿ ಬಂದು, "ನೀವಿಲ್ಲದೆ ನಾನೇನು ಮಾಡ್ತಿದ್ದೆ," ಅಂದಳು.

ಸೋಮವಾರ ರಜೆ, ಮೂರು ದಿನ ಕೋಣೆಗೆ ಬೀಗ. ಭಾರಿ ಚಳಿ ಬರ್ತಿದೆ ಅಂತ ರೇಡಿಯೋದಲ್ಲಿ ಹೇಳ್ತಿದ್ದಾರೆ. ಮಫ್ಲರ್ ಇಲ್ಲದೆ ಮನೆಗೆ ಬರುವಷ್ಟರಲ್ಲಿ ಕುತ್ತಿಗೆ ಸೆಟೆದುಹೋಯ್ತು.

ಜನವರಿ 21, ಮಂಗಳವಾರ

ಬರೆಯದೆ ಇದ್ದರೆ ತಲೆ ಸಿಡಿಯುತ್ತೆ. ಮೊದಲಿಂದ ಬರೀತೀನಿ.

ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು. ಕಾರು ಹೊರಡಿಸೋಕೇ ಹೊತ್ತಾಯ್ತು. ಕೋಣೆಗೆ ಹೋಗಿ ಕಪಾಟು ತೆಗೆದರೆ ಸದ್ದಿಲ್ಲ. ಬ್ರಿಟಾ ಫೋನಿಗೆ ಶನಿವಾರ, ಭಾನುವಾರ ಬೇಕಾದಷ್ಟು ಬಂದಿತ್ತು. ಸೋಮವಾರ ಸಂಜೆಯವರೆಗೂ ಇತ್ತು. ಆಮೇಲೆ ಒಂದೂ ಇಲ್ಲ. ಅಂತೂ ಆ ಪ್ರಾಣಿಗೆ ಬುದ್ಧಿ ಬಂತು ಅಂತ ಗಟ್ಟಿಯಾಗೇ ಅಂದೆ. ಮಫ್ಲರ್ ಕೊಡವಿ ಕುತ್ತಿಗೆಗೆ ಸುತ್ತಿಕೊಂಡೆ.

ಸಂಜೆ ನಾಲ್ಕಕ್ಕೆ ಬ್ರಿಟಾ ಬಂದಳು, ಕೆನ್ನೆ ಟೋಪಿಯಷ್ಟೇ ಕೆಂಪು. ಫೋನು ಕೊಡೋಕೆ ಮುಂಚೆ ಕೊನೆಯ ಪ್ರಶ್ನೆಗಳನ್ನು ಕೇಳಬೇಕು, ಕೊಟ್ಟಮೇಲೆ ಕೇಳಿದರೆ ಉತ್ತರ ಕಲಬೆರಕೆ. ಎಲ್ಲದಕ್ಕೂ ಒಂದರಿಂದ ಐದರವರೆಗೆ ಅಂಕ. ನಿದ್ದೆ ಹೇಗಿತ್ತು? ಐದು. ಮನಸ್ಸು ಹಗುರವಾಗಿತ್ತಾ? ಐದು. ಈ ಎರಡು ವಾರದಲ್ಲಿ ಮುಖ್ಯವಾದ ಯಾವುದೋ ನಿನ್ನ ಕೈತಪ್ಪಿತು ಅನ್ನಿಸಿತಾ?

"ಒಂದು," ಅಂದಳು. ಒಂದು ಅಂದರೆ ಸ್ವಲ್ಪವೂ ಇಲ್ಲ ಅಂತ. "ನಿಜ ಹೇಳ್ಬೇಕು ಅಂದ್ರೆ, ಇದನ್ನ ವಾಪಸ್ ತಗೊಳ್ಳೋಕೆ ಸ್ವಲ್ಪ ಬೇಜಾರೇ ಮಿಸೆಸ್ ಹಿಯೆಟಲಾ."

ಚೀಲ ಕತ್ತರಿಸಿ ಕೊಟ್ಟೆ. ಕಿಟಕಿ ಹತ್ತಿರದ ಬೆಂಚಿನ ಮೇಲೆ ಕೂತು ನೋಡತೊಡಗಿದಳು. ನಾನು ಕಾಗದ ಜೋಡಿಸ್ತಿದ್ದೆ. ತಲೆಯೆತ್ತಿ ನೋಡಿದರೆ ಹೆಬ್ಬೆರಳು ಪರದೆಯ ಮೇಲೆ ಓಡುತ್ತಿದೆ, ತುಟಿಯಲ್ಲಿ ರಕ್ತವಿಲ್ಲ. "ರೆನ್," ಅಂದಳು. "ರೆನ್, ರೆನ್." ಆಮೇಲೆ ನನ್ನ ಮೇಜಿಗೆ ಬಂದು, ನನ್ನನ್ನು ಕೇಳದೆ ಆಫೀಸಿನ ಫೋನೆತ್ತಿ ತನ್ನ ಅಜ್ಜಿಗೆ ಮಾಡಿದಳು.

ಆ ಫೋನ್ ಮಾತಿಂದ ನನಗೆ ತಿಳಿದದ್ದು ಇಷ್ಟು. ಹುಡುಗ ಅಲ್ಲ. ರೆನ್ ಅಂದರೆ ಹದಿನೈದು ವರ್ಷದ ಹುಡುಗಿ. ಬ್ರಿಟಾ ಕಳೆದ ವರ್ಷದವರೆಗೆ ಉತ್ತರದ ಒಂದು ಗಣಿ ಊರಲ್ಲಿದ್ದಳು, ಅಲ್ಲಿಯ ಪಕ್ಕದ ಮನೆಯವಳು. ಅವಳಮ್ಮನ ಜೊತೆ ಇರೋ ಗಂಡಸು ಕುಡಿದಾಗ ಹೊಡೀತಾನೆ, ಹೊರಗೆ ಹಾಕಿ ಚಿಲಕ ಹಾಕ್ತಾನೆ. ರೆನ್ ಹತ್ತಿರ ಇರೋದು ಒಂದು ಹಳೇ ಟ್ಯಾಬ್ಲೆಟ್, ಪಕ್ಕದ ಮನೆ ವೈಫೈಯಲ್ಲಿ ಮೆಸೇಜ್ ಮಾತ್ರ ಹೋಗುತ್ತೆ. ಬ್ರಿಟಾ ಅಜ್ಜಿ ಇರೋದು ಅದೇ ಊರಾಚೆ ಕೆರೆ ದಂಡೆಯಲ್ಲಿ, ಗೋಡೆಗೆ ಹಾಕಿರೋ ಫೋನು ಬಿಟ್ಟು ಬೇರೆ ಇಲ್ಲ. ಇಬ್ಬರೂ ಹುಡುಗಿಯರು ಮಾಡಿಕೊಂಡಿದ್ದ ಏರ್ಪಾಡು ಇದು: ಮನೆಯಲ್ಲಿ ಕೆಟ್ಟರೆ ರೆನ್ ಬ್ರಿಟಾಗೆ ಮೆಸೇಜ್ ಹಾಕೋದು, ಬ್ರಿಟಾ ಅಜ್ಜಿಗೆ ಫೋನ್ ಮಾಡೋದು, ಅಜ್ಜಿ ಕಾರಲ್ಲಿ ಹೋಗಿ ಅವಳನ್ನು ಕರೆತರೋದು. ಎರಡು ವಾರ ಫೋನಿರಲ್ಲ ಅಂತ ಅವಳಿಗೆ ತಿಳಿಸಿ ಅಂತ ಬ್ರಿಟಾ ಮನೆಯ ಫೋನಿಂದ ಅಜ್ಜಿಗೆ ಹೇಳಿದ್ದಳು. ಅಜ್ಜಿ ಅಂಗಡಿಯಲ್ಲಿ ಸಿಕ್ಕ ರೆನ್ ಅಮ್ಮನಿಗೆ ಹೇಳಿದ್ದರು. ಅಮ್ಮ ಅವಳಿಗೆ ಹೇಳಲಿಲ್ಲ.

ನಿನ್ನೆ ಸಂಜೆ ಅವನು ಹೊರಗೆ ಹಾಕಿದ್ದಾನೆ. ಉತ್ತರ ಬರದೆ ಬರದೆ, ಹುಡುಗಿ ತಾನೇ ನಡೆದುಕೊಂಡು ಅಜ್ಜಿ ಮನೆಗೆ ಹೊರಟಿದ್ದಾಳೆ. ಬೆಳಿಗ್ಗೆ ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋಕೆ ಬಂದವನಿಗೆ ತನ್ನ ಹಲಗೆ ಗುಡಿಸಲಲ್ಲಿ ಸಿಕ್ಕಳಂತೆ. ಜೀವ ಇದೆ. ಹೆಲಿಕಾಪ್ಟರಲ್ಲಿ ಇಲ್ಲಿಗೇ ತಂದಿದ್ದಾರೆ, ಗುಡ್ಡದ ಮೇಲಿನ ಆಸ್ಪತ್ರೆಗೆ. ಚಳಿಗೆ ಮರಗಟ್ಟಿದ ಕೈಗಳ ವಿಷಯ ಏನೂ ಹೇಳೋಕಾಗಲ್ಲವಂತೆ.

ಬ್ರಿಟಾ ಫೋನಿಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. "ಬಂದಿದ್ಯಾ ಅಂತ ಕೇಳಿದ್ನಲ್ಲ," ಅಂದಳು ಅಷ್ಟೇ. ಕೆಂಪು ಟೋಪಿ ಬೆಂಚಿನ ಮೇಲೇ ಬಿಟ್ಟು ಹೋದಳು, ಆ ಚಳಿಯಲ್ಲಿ.

ಜನವರಿ 22, ಬುಧವಾರ

ಕೆಲಸಕ್ಕೆ ಹೋಗಲಿಲ್ಲ. ಮಫ್ಲರ್ ಕಾರಿನ ಡಿಕ್ಕಿಯಲ್ಲಿ ಹಾಕಿದೆ.

ಜನವರಿ 27, ಸೋಮವಾರ

ಕ್ವಿಗ್ಲಿ ಅತ್ತುಬಿಟ್ಟಿದ್ದಾಳೆ, ಕಣ್ಣು ಊದಿದೆ. ರೆನ್ ಬೆರಳುಗಳನ್ನು ತೆಗೆಯಬೇಕಾಯ್ತಂತೆ, ಬಲಗೈಯದು ಎಲ್ಲ, ಎಡಗೈಯದು ಎರಡು ಬಿಟ್ಟು. ಆ ಗಂಡಸು ಜೈಲಲ್ಲಿದ್ದಾನೆ. ಸಂಶೋಧನೆಗಳ ಮೇಲೆ ಕಣ್ಣಿಡೋ ಸಮಿತಿಗೆ ಕ್ವಿಗ್ಲಿ ಎಲ್ಲವನ್ನೂ ಬರೆದು ಕಳಿಸಿದ್ದಾಳೆ, ಒಂದನ್ನೂ ಮುಚ್ಚಿಟ್ಟಿಲ್ಲ. ಮಫ್ಲರ್ ವಿಷಯವನ್ನೂ ಬರೆಸಿದೆ. ಅದು ಬೇಕಾ ಲೋರ್ನಾ ಅಂದಳು. ಬೇಕು ಅಂದೆ.

ಆಮೇಲೆ ಮೆಲ್ಲಗೆ ಕೇಳಿದಳು. "ಬ್ರಿಟಾ ಕೊಟ್ಟ ಅಂಕಗಳನ್ನ ಏನು ಮಾಡೋದು?"

"ಏನು ಅಂದ್ರೆ?"

"ಅವಳು ಉತ್ತರ ಕೊಟ್ಟಾಗ ಅವಳಿಗೆ ಗೊತ್ತಿರಲಿಲ್ಲ. ನಿಯಮದ ಪ್ರಕಾರ ಅವು ಸರಿಯಾದ ಉತ್ತರಗಳೇ. ತೆಗೆದುಹಾಕೋಕೆ ಕಾರಣ ಸಿಗಲ್ಲ."

ನಿದ್ದೆ ಐದು, ಮನಸ್ಸು ಐದು, ಕೈತಪ್ಪಿದ್ದು ಒಂದು. ಎಲ್ಲ ಮಕ್ಕಳ ಪೈಕಿ ಅತಿ ಒಳ್ಳೆಯ ಫಲಿತಾಂಶ ಅವಳದೇ. ನಾನು ಎದ್ದು ಬಂದೆ.

ಫೆಬ್ರುವರಿ 5, ಬುಧವಾರ

ಸಮಿತಿಯವರ ಉತ್ತರ ಬಂತು. ನಿಯಮಗಳನ್ನು ಪೂರ್ತಿ ಪಾಲಿಸಲಾಗಿದೆ, ಲೋಪ ಕಂಡುಬಂದಿಲ್ಲ, ನಡೆದದ್ದಕ್ಕೆ ವಿಷಾದವಿದೆ. ಇನ್ನು ಮುಂದೆ ಹಳದಿ ಕಾರ್ಡು ಬಂದವರಿಗೆ, ಫೋನು ನಮಗೆ ಒಪ್ಪಿಸೋ ಮುಂಚೆ ಹತ್ತು ನಿಮಿಷ ಕೊಡಬೇಕಂತೆ.

ಹತ್ತು ನಿಮಿಷ. ಅವಳು ಕೇಳಿದ್ದು ಎರಡು.

ನನಗೆ ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ ಊಟವಾದರೂ ಸೇರುತ್ತಿತ್ತು. ಲೋಪ ಇಲ್ಲ ಅಂತ ಬರೆದುಕೊಟ್ಟರೆ ಅದನ್ನು ತಗೊಂಡು ಎಲ್ಲಿಡಲಿ? ನನ್ನ ಮೇಲೆ ನನಗೇ ಅಸಹ್ಯ. ರಾಯ್ ಇವತ್ತು ತಾನಾಗೇ ಬಾಗಿಲ ಮುಂದಿನ ಹಿಮ ತಳ್ಳಿದ. ಒಳಗೆ ಬಂದು ಕೈಗವಸು ಕಳಚಿ, ಬೆರಳು ಉಜ್ಜಿಕೊಳ್ಳುತ್ತಾ ಒಲೆ ಹತ್ತಿರ ನಿಂತ. ನಾನು ಅವನ ಬೆರಳುಗಳನ್ನೇ ನೋಡ್ತಾ ಕೂತೆ.

ಫೆಬ್ರುವರಿ 12, ಬುಧವಾರ

ಏಲಕ್ಕಿ ಬನ್ನು ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಅಜ್ಜಿಯ ಹತ್ತಿರ ಮುಂಚೆಯೇ ಕೇಳಿದ್ದೆ, ಬರಲಿ ಅಂತ ರೆನ್ ಹೇಳಿದಳಂತೆ.

ಹಾಸಿಗೆಯಲ್ಲಿ ಸಣ್ಣಗೆ ಕಾಣ್ತಾಳೆ. ಎರಡೂ ಕೈಗೆ ಬೆಳ್ಳನೆಯ ಬಟ್ಟೆ ಸುತ್ತಿದ್ದಾರೆ. ಹೆಸರು ಹೇಳಿದೆ. ಕ್ಷಮಿಸು ಅಂತ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಫೋನು ನಿಮ್ಮ ಹತ್ರ ಇತ್ತಾ?"

"ಹೂಂ."

"ನಾನು ಹಾಕಿದಾಗ ಸದ್ದು ಆಗ್ತಿತ್ತಾ?"

"ಆಗ್ತಿತ್ತು."

"ಕೇಳಿಸ್ತಿತ್ತಾ ನಿಮಗೆ?"

"ಕೇಳಿಸ್ತಿತ್ತು ಮರಿ."

"ಆಮೇಲೆ?"

"ಎಣಿಸಿ ಬರೆದಿಟ್ಟೆ."

ಸಿಟ್ಟು ಬರಲಿಲ್ಲ ಅವಳಿಗೆ, ಬಂದಿದ್ದರೆ ನನಗೆ ಸಲೀಸಿತ್ತು. "ಬ್ರಿಟಾ ನನ್ನ ಮೇಲೆ ಮುನಿಸ್ಕೊಂಡಿದಾಳೆ ಅಂದ್ಕೊಂಡಿದ್ದೆ," ಅಂದಳು. "ಅದಕ್ಕೇ ಅಷ್ಟೊಂದು ಹಾಕಿದ್ದು. ಮೊದಮೊದಲು ಬಾ ಅಂತ ಹಾಕಿದ್ದು. ಕೊನೇಲಿ ಬರೀ ಸಾರಿ, ಸಾರಿ ಅಂತ."

ಬನ್ನು ಮುರಿದು ಬಾಯಿಗಿಟ್ಟೆ. ತಿಂದಳು. ಬ್ರಿಟಾ ಒಂದು ಸಲವೂ ಬಂದಿಲ್ಲವಂತೆ. ಮುಖ ತೋರಿಸೋಕೆ ಆಗಲ್ಲ ಅಂತ ಅಜ್ಜಿ ಹತ್ತಿರ ಅತ್ತಳಂತೆ, ಫೋನನ್ನು ಮುಟ್ಟುವುದೇ ಇಲ್ಲವಂತೆ.

"ನಿಮ್ಮ ಫೋನಿದ್ಯಾ?" ಅಂದಳು ರೆನ್. "ನನ್ನ ಕೈಲಿ ಒತ್ತೋಕಾಗಲ್ಲ."

ತೆಗೆದೆ. ಅವಳು ಹೇಳಿದ ನಂಬರಿಗೆ, ಅವಳು ಹೇಳಿದ ಹಾಗೆ, ಒಂದೇ ಬೆರಳಲ್ಲಿ ಒತ್ತಿದೆ. ನಾನು ರೆನ್. ಮುನಿಸಿಕೊಂಡಿಲ್ಲ. ಬಾ.

ಹೋಯಿತು. ಇಬ್ಬರೂ ಪರದೆ ನೋಡುತ್ತಾ ಕೂತೆವು. ಉತ್ತರ ಬರಲಿಲ್ಲ. ನರ್ಸ್ ಬಂದು ಹೊತ್ತಾಯಿತು ಅಂದಳು. ನಾನು ಕೋಟು ಹಾಕಿಕೊಳ್ಳುವಾಗ ರೆನ್ ಗೋಡೆ ಕಡೆ ತಿರುಗಿ ಮಲಗಿದಳು.

"ಎಣಿಸ್ಕೊಳ್ಳಿ," ಅಂದಳು. "ಒಂದು."

ಫೆಬ್ರುವರಿ 18, ಮಂಗಳವಾರ

ದಿನಾ ಮಧ್ಯಾಹ್ನ ಹೋಗ್ತಿದ್ದೀನಿ. ರೆನ್ ಹೇಳ್ತಾಳೆ, ನಾನು ಒತ್ತುತ್ತೀನಿ. ಹೆಚ್ಚೇನಿಲ್ಲ. ಇವತ್ತು ಸೂಪಲ್ಲಿ ಉಪ್ಪಿರಲಿಲ್ಲ. ಕಿಟಕಿಯಿಂದ ಬಂದರಿನ ದೊಡ್ಡ ಸರೋವರ ಕಾಣುತ್ತೆ. ಬಾ. ಉತ್ತರ ಬಂದಿಲ್ಲ. ಕಾಲೇಜಿನ ಕೆಲಸ ಬಿಟ್ಟೆ, ಕ್ವಿಗ್ಲಿ ಬೇಡ ಅಂದಳು, ಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ರಾಯ್ ಹಳೇ ಅಭ್ಯಾಸದಂತೆ ತನ್ನ ಫೋನು ಹಾಕೋಕೆ ಬ್ರೆಡ್ ಡಬ್ಬಿ ತೆಗೆದ. ತುಂಬ ಬ್ರೆಡ್ ಇತ್ತು.

"ಇದರಲ್ಲಿ ಜಾಗವೇ ಇಲ್ವಲ್ಲೇ."

"ಬ್ರೆಡ್ ಡಬ್ಬೀಲಿ ಬ್ರೆಡ್ ತಾನೇ ಇರಬೇಕು."

ನನ್ನದು ತಟ್ಟೆ ಪಕ್ಕದಲ್ಲಿ, ಮುಖ ಮೇಲಾಗಿ ಇತ್ತು. ಅವನು ಅದನ್ನು ನೋಡಿದ. ಅರ್ಧ ಊಟದಲ್ಲಿ ಅದು ಗುಂಯ್ ಅಂತು. ಇಬ್ಬರ ಕೈಯೂ ತಟ್ಟೆಯಲ್ಲೇ ನಿಂತಿತು. ನೋಡಿದೆ. ಬ್ರಿಟಾ ಅಲ್ಲ, ನಾಳೆ ಮತ್ತೆ ಚಳಿ ಜೋರಾಗುತ್ತೆ, ಹೊರಗೆ ಹೋಗಬೇಡಿ ಅಂತ ಹವಾಮಾನದವರ ಎಚ್ಚರಿಕೆ.

ವಾಪಸ್ ಅಲ್ಲೇ ಇಟ್ಟೆ. ಮೇಜು ಮರದ್ದು, ಸದ್ದು ಚೆನ್ನಾಗಿ ಕೇಳಿಸುತ್ತೆ. ರಾಯ್ ಬೆಣ್ಣೆ ತಟ್ಟೆ ಸರಿಸಿ, ಫೋನನ್ನು ನನ್ನ ಕೈಯಳತೆಗೆ ಇನ್ನಷ್ಟು ಹತ್ತಿರ ತಳ್ಳಿದ.